ಬೀಗದ ಕೈ ಎರಡು, ಮನೆ ಒಂದೇ

(ಪ್ರೋಗ್ರಾಮಿನಲ್ಲಿ ಪಟ್ಟಿಗಳನ್ನು ನಕಲು ಮಾಡುವ ಬಗ್ಗೆ, ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಹಾಲಿನ ಡೇರಿಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಹಳ್ಳಿಯಿಂದ ಬಂದವರು ನೋಡಿರುತ್ತೀರಿ. ಬೆಳಿಗ್ಗೆ ಕ್ಯಾನು ಹಿಡಿದು ಜನ ಸಾಲಾಗಿ ನಿಲ್ಲುತ್ತಾರೆ. ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಆ ಲೆಕ್ಕದ ಮೇಲೆ ದುಡ್ಡು ಬರುತ್ತದೆ.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಅಂಥ ಒಂದು ಡೇರಿಗೆ ಚೀಟಿ ಮುದ್ರಿಸುವ ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ. ಅದರಲ್ಲಿ ಎರಡು ಅರೇ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿಗಳು, ಇದ್ದವು. ಒಂದರಲ್ಲಿ ಹೆಸರುಗಳು, ಇನ್ನೊಂದರಲ್ಲಿ ಲೀಟರುಗಳು. ಹೆಸರಿನ ಅರೇಯಲ್ಲಿ 7ನೇ ಜಾಗದಲ್ಲಿ ಯಾರಿದ್ದಾರೋ, ಲೀಟರಿನ ಅರೇಯಲ್ಲಿ 7ನೇ ಜಾಗದಲ್ಲಿ ಅವರ ಹಾಲಿನ ಅಳತೆ. ಎಲ್ಲರ ಸರದಿ ಮುಗಿದ ಮೇಲೆ ಚೀಟಿಗಳನ್ನು ಒಟ್ಟಿಗೆ ಮುದ್ರಿಸುತ್ತಿದ್ದರು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು.

ಒಂದು ದಿನ ಕಾರ್ಯದರ್ಶಿಗಳು ಇನ್ನೊಂದು ಸಣ್ಣ ಅನುಕೂಲ ಕೇಳಿದರು. ಈ ದಿನ ಬಂದ ಅತಿ ದೊಡ್ಡ 5 ಅಳತೆಗಳು ಪರದೆಯ ಮೂಲೆಯಲ್ಲಿ ಕಾಣಬೇಕು, ಅಷ್ಟೇ. ನಾನು ಎರಡು ಸಾಲು ಸೇರಿಸಿದೆ.

ಟಾಪ್ = ಲೀಟರ್
ಟಾಪ್.ಸಾರ್ಟ್(ದೊಡ್ಡದರಿಂದ ಚಿಕ್ಕದಕ್ಕೆ)

ಮೂಲ ಪಟ್ಟಿ ಹಾಳಾಗಬಾರದು ಅಂತಲೇ ‘ಟಾಪ್’ ಅನ್ನುವ ಬೇರೆ ಹೆಸರಿಟ್ಟಿದ್ದೆ. ಮರುದಿನ ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿ 3 ಲೀಟರ್ ಹಾಲು ತಂದಿದ್ದರು. ಅವರ ಚೀಟಿಯಲ್ಲಿ 22 ಲೀಟರ್ ಅಂತ ಬಂತು. ಕೊನೆಯಲ್ಲಿ ಬಂದವರು 15 ಲೀಟರ್ ತಂದಿದ್ದರು, ಅವರ ಚೀಟಿಯಲ್ಲಿ ಒಂದೂವರೆ ಲೀಟರ್. ಹೆಸರುಗಳು ಬಂದ ಸಾಲಿನಲ್ಲೇ ಇದ್ದವು. ಅಳತೆಗಳು ಮಾತ್ರ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಒಟ್ಟು ಹಾಲಿನ ಲೆಕ್ಕ ಕೂಡ ಸರಿಯಾಗಿಯೇ ಇತ್ತು. ಅದಕ್ಕೇ ಚೀಟಿ ನೋಡುವವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ.

ತಪ್ಪು ಎಲ್ಲಿದೆ ಅಂತ ನಿಮಗೆ ಆಗಲೇ ಗೊತ್ತಾಗಿರಬಹುದು. ಸಾರ್ಟ್ ಮಾಡಿದ್ದು ತಪ್ಪಲ್ಲ. ಮೊದಲ ಸಾಲು ತಪ್ಪು. ಅಲ್ಲಿ ನಕಲು ಆಗಲೇ ಇಲ್ಲ.

ಹೀಗೆ ಯೋಚಿಸಿ. ನಿಮ್ಮ ಮನೆಯ ಬೀಗದ ಕೈ ತೆಗೆದುಕೊಂಡು ಹೋಗಿ ಪೇಟೆಯಲ್ಲಿ ಇನ್ನೊಂದು ಕೈ ಮಾಡಿಸಿದಿರಿ. ಈಗ ನಿಮ್ಮ ಹತ್ತಿರ ಒಂದು, ನಿಮ್ಮ ತಮ್ಮನ ಹತ್ತಿರ ಒಂದು. ಮನೆ ಎರಡಾಯಿತಾ? ಇಲ್ಲ, ಅಲ್ವಾ? ತಮ್ಮ ತನ್ನ ಕೈಯಿಂದ ಬಾಗಿಲು ತೆಗೆದು ಮಂಚ ಆಚೆ ಹಾಕಿದರೆ, ನೀವು ನಿಮ್ಮ ಕೈಯಿಂದ ಬಾಗಿಲು ತೆಗೆದಾಗ ಮಂಚ ಇರುವುದಿಲ್ಲ. ಜಾವಾಸ್ಕ್ರಿಪ್ಟ್, ಪೈಥಾನ್, ಜಾವಾ, ಈ ಮೂರರಲ್ಲೂ ಅರೇಯ ಹೆಸರು ಅಂದರೆ ಬೀಗದ ಕೈ. ಅರೇ ಅನ್ನುವ ಮನೆ ಮೆಮೊರಿಯಲ್ಲಿ ಬೇರೆಲ್ಲೋ ಇದೆ. ಟಾಪ್ = ಲೀಟರ್ ಅಂದಾಗ ನಾನು ಮಾಡಿಸಿದ್ದು ಇನ್ನೊಂದು ಕೈ ಮಾತ್ರ.

ಇಲ್ಲಿ ಯಾರಾದರೂ ಕೇಳಬೇಕು: ಹಾಗಾದರೆ ಅಂಕಿಗಳಲ್ಲಿ ಹೀಗೇಕೆ ಆಗುವುದಿಲ್ಲ? ಎ = 5 ಅಂತ ಬರೆದು, ಬಿ = ಎ ಅಂದು, ಆಮೇಲೆ ಬಿ = 9 ಅಂದರೆ ಎ ಇನ್ನೂ 5 ಆಗಿಯೇ ಇರುತ್ತದಲ್ಲ? ಒಳ್ಳೆಯ ಪ್ರಶ್ನೆ. ಬಿ = 9 ಅಂದಾಗ ನೀವು 5 ಅನ್ನುವ ಅಂಕಿಯನ್ನು ತಿದ್ದಲಿಲ್ಲ. ಬಿ ಅನ್ನುವ ಹೆಸರಿಗೆ ಬೇರೆಯದನ್ನು ಕೊಟ್ಟಿರಿ. ಹಳೇ ಕೈ ಬಿಸಾಕಿ ಬೇರೆ ಮನೆಯ ಕೈ ಇಟ್ಟುಕೊಂಡ ಹಾಗೆ. ಅರೇ ಜೊತೆಗೂ ಹಾಗೆ ಮಾಡಿದರೆ ಏನೂ ತೊಂದರೆಯಿಲ್ಲ. ಬಿ[0] = 9, ಅಂದರೆ ಅರೇಯ ಮೊದಲ ಜಾಗಕ್ಕೆ 9, ಅಂದಾಗಲೇ ತೊಂದರೆ. ಆಗ ನೀವು ಬಾಗಿಲು ತೆಗೆದು ಒಳಗೆ ಹೋಗಿ ಸಾಮಾನು ಬದಲಿಸುತ್ತಿದ್ದೀರಿ. ಹೆಸರನ್ನು ಬದಲಿಸುವುದು ಬೇರೆ, ವಸ್ತುವನ್ನು ಬದಲಿಸುವುದು ಬೇರೆ. ಈ ವ್ಯತ್ಯಾಸ ಗಟ್ಟಿಯಾದರೆ ಮುಂದಿನದೆಲ್ಲ ಸಲೀಸು.

ಇದೇ ಕಾರಣಕ್ಕೆ ಜಾವಾಸ್ಕ್ರಿಪ್ಟ್‌ನ ಕಾನ್ಸ್ಟ್ ನಂಬಿ ಕೂರಬೇಡಿ. ಕಾನ್ಸ್ಟ್ ಅಂದರೆ ಈ ಹೆಸರಿಗೆ ಬೇರೆ ಕೈ ಕೊಡಲಾಗದು ಅಂತ ಮಾತ್ರ. ಮನೆಯೊಳಗಿನ ಮಂಚಕ್ಕೆ ಅದು ಕಾವಲಲ್ಲ.

ಭಾಷೆ ಮಾಡಿದವರು ಹೀಗೇಕೆ ಮಾಡಿದರು? ಸುಮ್ನೆ ಅಲ್ಲ. 10 ಲಕ್ಷ ಅಂಕಿಗಳ ಒಂದು ಅರೇ, ಒಂದೊಂದಕ್ಕೆ 8 ಬೈಟ್ ಅಂದರೂ 80 ಲಕ್ಷ ಬೈಟ್, ಸುಮಾರು 8 ಎಂಬಿ. ಅದನ್ನು ಒಂದು ಫಂಕ್ಷನ್‌ಗೆ ಕೊಟ್ಟಾಗಲೆಲ್ಲ ಪೂರ್ತಿ ನಕಲು ಮಾಡಿದರೆ ಪ್ರೋಗ್ರಾಮಿನ ಅರ್ಧ ಹೊತ್ತು ಅದರಲ್ಲೇ ಹೋಗುತ್ತದೆ. ಕೈ ಕೊಡುವುದಾದರೆ 8 ಬೈಟ್ ಸಾಕು.

ಈ ವಿಷಯದಲ್ಲಿ ಸಿ ಭಾಷೆಯನ್ನು ನಾನು ಗೌರವಿಸುತ್ತೇನೆ. ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದ ಭಾಷೆ. ಸಿ ಯಲ್ಲಿ ಒಂದು ಅರೇಗೆ ಇನ್ನೊಂದು ಅರೇಯನ್ನು ಈಕ್ವಲ್ ಚಿಹ್ನೆಯಿಂದ ಕೊಡಲು ಹೋದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಪ್ಪುವುದೇ ಇಲ್ಲ. ನಕಲು ಬೇಕಾದರೆ ಮೆಮ್‌ಕಾಪಿ ಕರೆಯಬೇಕು. ಎಲ್ಲಿಂದ, ಎಲ್ಲಿಗೆ, ಎಷ್ಟು ಬೈಟ್, ಮೂರನ್ನೂ ನೀವೇ ಹೇಳಬೇಕು. ಕಷ್ಟ ನಿಜ, ಆದರೆ ನಕಲು ಆಯಿತೋ ಇಲ್ಲವೋ ಅನ್ನುವ ಭ್ರಮೆಗೆ ಅಲ್ಲಿ ಜಾಗ ಇಲ್ಲ. ವಿಚಿತ್ರ ಅಂದರೆ ಅದೇ ಅರೇಯನ್ನು ಒಂದು ಸ್ಟ್ರಕ್ಟ್ (ಹಲವು ಅಂಶಗಳನ್ನು ಒಟ್ಟಿಗೆ ಕಟ್ಟಿಡುವ ದಾಖಲೆ) ಒಳಗೆ ಇಟ್ಟರೆ ಈಕ್ವಲ್ ಚಿಹ್ನೆ ಪೂರ್ತಿ ನಕಲು ಮಾಡಿಕೊಡುತ್ತದೆ. ಮನೆಗೆ ಹೋಗಿ ಒಮ್ಮೆ ಮಾಡಿ ನೋಡಿ.

ಈಗ ನಿಜವಾದ ನಕಲಿಗೆ ಬರೋಣ. ಜಾವಾಸ್ಕ್ರಿಪ್ಟ್‌ನಲ್ಲಿ ಸ್ಲೈಸ್ ಇದೆ. 2015ರಲ್ಲಿ ಬಂದ ಮೂರು ಚುಕ್ಕೆಯ ಸ್ಪ್ರೆಡ್ ಇದೆ, [...ಲೀಟರ್] ಅಂತ ಬರೆಯುತ್ತೇವಲ್ಲ, ಅದು. ಪೈಥಾನ್‌ನಲ್ಲಿ ಲಿಸ್ಟ್‌ನ (ಅಲ್ಲಿ ಅರೇಯ ಕೆಲಸ ಮಾಡುವುದು ಅದೇ) ಹೆಸರಿನ ಕೊನೆಗೆ [:] ಹಾಕಬಹುದು, ಅಥವಾ ಕಾಪಿ ಅನ್ನುವ ಮೆಥಡ್ ಕರೆಯಬಹುದು. ಜಾವಾದಲ್ಲಿ ಕ್ಲೋನ್ ಇದೆ, ಅರೇಸ್.ಕಾಪಿಆಫ್ ಇದೆ. ಯಾವುದನ್ನು ಬಳಸಿದರೂ ನನ್ನ ಡೇರಿ ಉಳಿಯುತ್ತಿತ್ತು. ಟಾಪ್ = [...ಲೀಟರ್] ಅಂದಿದ್ದರೆ ಅಜ್ಜಿಯ ಚೀಟಿಯಲ್ಲಿ 3 ಲೀಟರೇ ಬರುತ್ತಿತ್ತು. ಯಾಕೆಂದರೆ ಆ ಅರೇಯಲ್ಲಿ ಇದ್ದದ್ದು ಬರೀ ಅಂಕಿಗಳು.

ಅಂಕಿ ಬಿಟ್ಟು ಬೇರೆ ಏನಾದರೂ ಇದ್ದರೆ? ಚೌಕಾಬಾರ ಆಡಿದ್ದೀರಾ? ಇಲ್ಲಿ ತುಂಬಾ ಕೈ ಎದ್ದಿವೆ, ಸಂತೋಷ. 5 ಸಾಲು, ಸಾಲಿಗೆ 5 ಮನೆ. ಕವಡೆ ಹಾಕಿ ಕಾಯಿ ನಡೆಸುವುದು. ಇದನ್ನು ಪೈಥಾನ್‌ನಲ್ಲಿ ಬರೆಯೋಣ. ಹಲಗೆ ಅಂದರೆ 5 ಸಾಲುಗಳ ಲಿಸ್ಟ್, ಒಂದೊಂದು ಸಾಲೂ 5 ಮನೆಗಳ ಲಿಸ್ಟ್. ಆಡುವವರು ತಪ್ಪಾಗಿ ಕಾಯಿ ನಡೆಸಿದರೆ ಹಿಂದಕ್ಕೆ ಹೋಗುವ ಬಟನ್ ಬೇಕು. ಸುಲಭ ಅನ್ನಿಸುತ್ತದೆ. ಪ್ರತಿ ನಡೆಗೆ ಮೊದಲು ಹಲಗೆಯ ನಕಲು ತೆಗೆದಿಟ್ಟುಕೊಳ್ಳುವುದು, ಬಟನ್ ಒತ್ತಿದರೆ ಅದನ್ನು ವಾಪಸ್ ಹಾಕುವುದು. ಹಳೇಹಲಗೆ = ಹಲಗೆ.ಕಾಪಿ(). ಈ ಸಲ ಕಾಪಿ ಅಂತ ಬಾಯಿಬಿಟ್ಟು ಕೇಳಿದ್ದೇವೆ. ಬಟನ್ ಒತ್ತಿ ನೋಡಿ. ಏನೂ ಆಗುವುದಿಲ್ಲ. ಕಾಯಿ ಹೊಸ ಜಾಗದಲ್ಲೇ ಇರುತ್ತದೆ.

ಯಾಕೆ? ಹಲಗೆ ಅನ್ನುವುದು ಒಂದು ಬೀಗದ ಕೈ ಗೊಂಚಲು. ಅದರಲ್ಲಿ 5 ಕೈಗಳಿವೆ, ಒಂದೊಂದು ಸಾಲಿಗೆ ಒಂದೊಂದು. ಕಾಪಿ ಅಂದಾಗ ಪೈಥಾನ್ ಹೊಸ ಗೊಂಚಲು ಮಾಡಿಕೊಟ್ಟಿತು. ಅದಕ್ಕೆ 5 ಕೈಗಳನ್ನೂ ಮಾಡಿಸಿ ಹಾಕಿತು. ಆದರೆ ಸಾಲುಗಳು ಅವೇ. ಹೊಸ ಗೊಂಚಲಿಗೆ ಆರನೆಯ ಕೈ ಸೇರಿಸಿದರೆ ಹಳೆಯದಕ್ಕೆ ತಗಲುವುದಿಲ್ಲ. ಯಾವುದೋ ಸಾಲಿನ ಒಳಗೆ ಹೋಗಿ ಕಾಯಿ ಇಟ್ಟರೆ ಮಾತ್ರ ಎರಡರಲ್ಲೂ ಕಾಣುತ್ತದೆ. ಇದನ್ನು ಶ್ಯಾಲೋ ಕಾಪಿ ಅನ್ನುತ್ತಾರೆ. ಮೇಲ್ಪದರದ ನಕಲು. ನಾನು ಹೇಳಿದ ಸ್ಲೈಸ್, ಸ್ಪ್ರೆಡ್, [:], ಜಾವಾದ ಕ್ಲೋನ್, ಎಲ್ಲವೂ ಈ ಜಾತಿಯವೇ. ಸಾಲು-ಕಂಬದ ಎರಡು ಆಯಾಮದ ಅರೇಗೆ ಜಾವಾದಲ್ಲಿ ಕ್ಲೋನ್ ಹಾಕಿದರೂ ಇದೇ ಕಥೆ.

ಹಲಗೆ ಕಟ್ಟುವಾಗಲೇ ಬೀಳುವ ಗುಂಡಿಯೂ ಒಂದಿದೆ. ಪೈಥಾನ್‌ನಲ್ಲಿ [[0]*5]*5 ಅಂತ ಬರೆದರೆ ಚೆಂದವಾಗಿ 25 ಸೊನ್ನೆಗಳ ಹಲಗೆ ಕಾಣುತ್ತದೆ. ಮೊದಲ ಸಾಲಿನ ಮೊದಲ ಮನೆಗೆ ಒಂದು ಕಾಯಿ ಇಡಿ. ಐದೂ ಸಾಲಿನ ಮೊದಲ ಮನೆಯಲ್ಲಿ ಕಾಯಿ! ಒಂದೇ ಸಾಲಿಗೆ 5 ಕೈ ಮಾಡಿಸಿದ್ದೀರಿ, ಅಷ್ಟೇ. ಜಾವಾಸ್ಕ್ರಿಪ್ಟ್‌ನಲ್ಲಿ ಫಿಲ್ ಬಳಸಿ ಒಳಗೆ ಅರೇ ತುಂಬಿದರೂ ಹೀಗೇ. ಪ್ರತಿ ಸಾಲನ್ನೂ ಲೂಪ್‌ನಲ್ಲಿ ಬೇರೆ ಬೇರೆಯಾಗಿ ಹುಟ್ಟಿಸಬೇಕು.

ಸರಿ, ಆಳಕ್ಕೆ ಇಳಿದು ನಕಲು ಮಾಡೋಣ. ಪೈಥಾನ್‌ನಲ್ಲಿ ಡೀಪ್‌ಕಾಪಿ ಇದೆ. ಒಳಗಿನ ಪ್ರತಿ ಲಿಸ್ಟನ್ನೂ ಹೊಸದಾಗಿ ಕಟ್ಟುತ್ತಾ ಹೋಗುತ್ತದೆ. ಅದರ ಒಂದು ಗುಣ ನನಗೆ ತುಂಬಾ ಇಷ್ಟ. ನಕಲು ಮಾಡುತ್ತಾ ಹೋಗುವಾಗ ಅದು ಮೆಮೊ ಅನ್ನುವ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಈ ವಸ್ತುವನ್ನು ಆಗಲೇ ನಕಲು ಮಾಡಿದ್ದೇನೆ, ಅದರ ನಕಲು ಇದು, ಅಂತ. ಹಾಗಾಗಿ ಒಂದು ಲಿಸ್ಟ್ ತನ್ನೊಳಗೆ ತನ್ನನ್ನೇ ಇಟ್ಟುಕೊಂಡಿದ್ದರೂ ಅದು ಸುತ್ತುತ್ತಾ ಸಾಯುವುದಿಲ್ಲ. ಇನ್ನೊಂದು ಪರಿಣಾಮವೂ ಇದೆ, ಇದು ಬಹಳ ಜನಕ್ಕೆ ಆಶ್ಚರ್ಯ. ಈಗ ಹೇಳಿದ [[0]*5]*5 ಹಲಗೆಯನ್ನು ಡೀಪ್‌ಕಾಪಿ ಮಾಡಿದರೆ ಸರಿಹೋಗುತ್ತದಾ? ಹೋಗುವುದಿಲ್ಲ. ನಕಲಿನಲ್ಲೂ ಐದು ಸಾಲು ಒಂದೇ ಆಗಿರುತ್ತವೆ. ಮೂಲದಲ್ಲಿ ಯಾವುದು ಯಾವುದರ ಜೊತೆ ಹಂಚಿಕೊಂಡಿತ್ತೋ ಅದನ್ನೂ ಅದು ಪ್ರಾಮಾಣಿಕವಾಗಿ ನಕಲು ಮಾಡುತ್ತದೆ.

ಜಾವಾಸ್ಕ್ರಿಪ್ಟ್‌ನಲ್ಲಿ ಬಹಳ ವರ್ಷ ಇದಕ್ಕೆ ನೇರ ದಾರಿ ಇರಲಿಲ್ಲ. ಜನ ಒಂದು ಸುತ್ತು ದಾರಿ ಹಿಡಿದರು. ಅರೇಯನ್ನು ಜೇಸನ್ (ಡೇಟಾವನ್ನು ಅಕ್ಷರಗಳಲ್ಲಿ ಬರೆದಿಡುವ ಒಂದು ರೂಪ) ಪಠ್ಯವಾಗಿ ಬರೆಸುವುದು, ಆ ಪಠ್ಯವನ್ನು ಓದಿಸಿ ಹೊಸ ಅರೇ ಪಡೆಯುವುದು. ಈಗಲೂ ಎಷ್ಟೋ ಕಡೆ ಈ ಸಾಲು ಕಾಣುತ್ತದೆ. ಬರೀ ಅಂಕಿ, ಪಠ್ಯ ಇದ್ದರೆ ನಡೆಯುತ್ತದೆ. ತಾರೀಖಿನ ಆಬ್ಜೆಕ್ಟ್ ಇದ್ದರೆ ಅದು ಬರೀ ಅಕ್ಷರಗಳಾಗಿ ವಾಪಸ್ ಬರುತ್ತದೆ. ಅರೇಯ ಒಳಗಿನ ಅನ್‌ಡಿಫೈನ್ಡ್ (ಬೆಲೆಯನ್ನೇ ಕೊಡದ್ದು) ನಲ್ (ಖಾಲಿ ಬೆಲೆ) ಆಗುತ್ತದೆ. ನಾಟ್-ಎ-ನಂಬರ್ ಕೂಡ ನಲ್ ಆಗುತ್ತದೆ. ಮ್ಯಾಪ್ (ಹೆಸರು-ಬೆಲೆ ಜೋಡಿಗಳ ಸಂಗ್ರಹ) ಇದ್ದರೆ ಖಾಲಿ ಆಬ್ಜೆಕ್ಟ್ ಸಿಗುತ್ತದೆ. ಇದೆಲ್ಲ ಸದ್ದಿಲ್ಲದೆ ಆಗುತ್ತದೆ, ಅದೇ ನನಗೆ ಭಯ. 2021-22ರ ಹೊತ್ತಿಗೆ ಬ್ರೌಸರುಗಳಲ್ಲೂ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲೂ ಆಳದ ನಕಲು ಮಾಡುವ ಸ್ಟ್ರಕ್ಚರ್ಡ್‌ಕ್ಲೋನ್ ಬಂತು. ತಾರೀಖು ತಾರೀಖಾಗಿಯೇ ಉಳಿಯುತ್ತದೆ, ಮ್ಯಾಪ್ ಮ್ಯಾಪಾಗಿಯೇ ಉಳಿಯುತ್ತದೆ, ತನ್ನೊಳಗೆ ತಾನೇ ಇರುವ ಅರೇಯನ್ನೂ ನಿಭಾಯಿಸುತ್ತದೆ. ಫಂಕ್ಷನ್ ಸಿಕ್ಕರೆ ಮಾತ್ರ ಎರರ್ ಎಸೆಯುತ್ತದೆ. ಆಗಲ್ಲ ಅಂತ ಜೋರಾಗಿ ಹೇಳುವ ಸಾಧನ, ಸುಮ್ಮನೆ ತಿರುಚಿ ಕೊಡುವ ಸಾಧನಕ್ಕಿಂತ ಎಷ್ಟೋ ಮೇಲು.

ಇಷ್ಟು ಕೇಳಿದ ಮೇಲೆ, ಎಲ್ಲದಕ್ಕೂ ಡೀಪ್‌ಕಾಪಿ ಹಾಕಿಬಿಟ್ಟರೆ ನಿಶ್ಚಿಂತೆ ಅಲ್ವಾ ಅಂತ ಅನ್ನಿಸಬಹುದು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನನಗೆ ಈ ಮಾತಿನಲ್ಲೇ ಜಾಸ್ತಿ ಆಸಕ್ತಿ.

ಡೇರಿಗೇ ವಾಪಸ್ ಹೋಗೋಣ. ಈಗ ಎರಡು ಅರೇ ಬೇಡ, ಒಂದೇ ಅರೇ ಇರಲಿ. ಒಂದೊಂದು ಜಾಗದಲ್ಲೂ ಒಂದು ದಾಖಲೆ: ಹೆಸರು, ಲೀಟರ್, ಫ್ಯಾಟ್, ಮತ್ತು ದರದ ಪಟ್ಟಿ. ದರದ ಪಟ್ಟಿ ಅಂದರೆ ಇಷ್ಟು ಫ್ಯಾಟ್ ಇದ್ದರೆ ಲೀಟರಿಗೆ ಇಷ್ಟು ರೂಪಾಯಿ ಅನ್ನುವ ಪಟ್ಟಿ. ಅದು ಊರಿಗೆಲ್ಲ ಒಂದೇ. ಹಾಗಾಗಿ ಎಲ್ಲ ದಾಖಲೆಗಳೂ ಒಂದೇ ಪಟ್ಟಿಯ ಕೈ ಹಿಡಿದುಕೊಂಡಿವೆ. ಈ ಅರೇಯನ್ನು ಆಳದವರೆಗೆ ನಕಲು ಮಾಡಿದರೆ ದರದ ಪಟ್ಟಿಯೂ ನಕಲಾಗುತ್ತದೆ. ಮಧ್ಯಾಹ್ನ ದರ ಪರಿಷ್ಕರಣೆ ಬಂತು ಅಂತಿಟ್ಟುಕೊಳ್ಳಿ. ಮೂಲದ ಪಟ್ಟಿಯನ್ನು ತಿದ್ದುತ್ತೀರಿ. ನಕಲಿನಲ್ಲಿ ಹಳೇ ದರವೇ ಉಳಿಯುತ್ತದೆ.

ಇದು ಸರಿಯಾ ತಪ್ಪಾ? ಆ ನಕಲು ಬೆಳಗಿನ ಬಿಲ್ಲಿನ ದಾಖಲೆಯಾಗಿದ್ದರೆ ಇದೇ ಸರಿ. ಬೆಳಿಗ್ಗೆ ಹಾಕಿದ ಹಾಲಿಗೆ ಬೆಳಗಿನ ದರವೇ ಸಿಗಬೇಕು, ನಾಳೆ ಯಾರೋ ಪಟ್ಟಿ ತಿದ್ದಿದರೆ ಬಿಲ್ಲು ಬದಲಾಗಬಾರದು. ಅದೇ ನಕಲನ್ನು ನೀವು ಸಂಜೆಯ ಲೆಕ್ಕಕ್ಕೆ ಬಳಸುತ್ತಿದ್ದರೆ ಇದು ತಪ್ಪು. ಸಂಜೆ ಹಾಲು ಹಾಕಿದವರಿಗೆ ಹಳೇ ದರ ಹೋಗುತ್ತದೆ. ಎರಡೂ ಕಡೆ ಕೋಡ್ ಒಂದೇ, ಒಂದೇ ಡೀಪ್‌ಕಾಪಿ. ಸರಿ-ತಪ್ಪು ಅನ್ನುವುದು ಡೇರಿಯ ನಿಯಮದಲ್ಲಿದೆ, ಪೈಥಾನ್‌ನಲ್ಲಿ ಇಲ್ಲ. ಯಾವುದು ಬೇರೆಯಾಗಬೇಕು, ಯಾವುದು ಹಂಚಿಕೊಂಡೇ ಇರಬೇಕು ಅನ್ನುವುದನ್ನು ಭಾಷೆ ನಿಮಗೆ ಹೇಳಿಕೊಡಲು ಆಗುವುದಿಲ್ಲ. ಹಾಲು ಹಾಕುವವರ ಹತ್ತಿರ, ಲೆಕ್ಕ ಬರೆಯುವವರ ಹತ್ತಿರ ಕೂತು ಕೇಳಿ ತಿಳಿಯಬೇಕು. ಅದಕ್ಕೇ ನಾನು ಯಾವ ಆಳದ ನಕಲು ಅಂತ ತೀರ್ಮಾನಿಸುವಾಗ ದಾಖಲೆಯ ಒಂದೊಂದು ಅಂಶಕ್ಕೂ ಕೈಯಾರೆ ಬರೆಯುತ್ತೇನೆ: ಹೆಸರು ಹೊಸದು, ಲೀಟರ್ ಹೊಸದು, ದರದ ಪಟ್ಟಿ ಅದೇ. ನಾಲ್ಕು ಸಾಲು ಜಾಸ್ತಿ ಆಗುತ್ತದೆ, ಆಗಲಿ. ಆಮೇಲೆ ಓದುವವರಿಗೆ ನನ್ನ ತೀರ್ಮಾನ ಕಣ್ಣಿಗೆ ಕಾಣುತ್ತದೆ.

ಡೇಟಾ ಸೈನ್ಸ್ ಕಡೆ ಹೋಗುವವರು ಇಲ್ಲಿ ಜಾಸ್ತಿ ಇದ್ದೀರಿ. ನಿಮಗೆ ಒಂದು ಮಾತು. ಪೈಥಾನ್‌ನ ಲಿಸ್ಟ್‌ನಲ್ಲಿ [:] ಅಂದರೆ ನಕಲು. ಪೈಥಾನ್‌ನಲ್ಲೇ ಅಂಕಿಗಳ ಲೆಕ್ಕಕ್ಕೆ ಬಳಸುವ ನಂಪೈ ಲೈಬ್ರರಿಯ ಅರೇಯಲ್ಲಿ ಅದೇ [:] ನಕಲಲ್ಲ! ಅದು ವ್ಯೂ, ಅದೇ ಮೆಮೊರಿಯನ್ನು ನೋಡುವ ಇನ್ನೊಂದು ಕಿಟಕಿ. ಕಿಟಕಿಯೊಳಗೆ ಕೈ ಹಾಕಿ ಬದಲಿಸಿದರೆ ಮೂಲವೇ ಬದಲಾಗುತ್ತದೆ. ಅಕ್ಷರ ಅಕ್ಷರಕ್ಕೂ ಒಂದೇ ಕೋಡ್, ವಿರುದ್ಧ ಅರ್ಥ. ನಂಪೈಯಲ್ಲಿ ಕಾಪಿ ಅಂತ ಬರೆದೇ ಕೇಳಬೇಕು. ಅನುಮಾನ ಬಂದರೆ ಷೇರ್ಸ್-ಮೆಮೊರಿ ಅನ್ನುವ ಫಂಕ್ಷನ್ ಇದೆ, ಎರಡು ಅರೇ ಕೊಟ್ಟು ಕೇಳಿ, ಹೌದು ಇಲ್ಲ ಅಂತ ಹೇಳುತ್ತದೆ.

ಇದಕ್ಕೆ ಇನ್ನೊಂದು ಮುಖ ಇದೆ. 4000 ಅಗಲ 3000 ಎತ್ತರದ ಒಂದು ಬಣ್ಣದ ಫೋಟೋ ಅಂದರೆ, ಚುಕ್ಕೆಗೆ 3 ಬೈಟ್‌ನಂತೆ 3 ಕೋಟಿ 60 ಲಕ್ಷ ಬೈಟ್. ಅದರಿಂದ 50ಕ್ಕೆ 50ರ ಒಂದು ಚೂರು ಕತ್ತರಿಸಿ ಇಟ್ಟುಕೊಂಡಿರಿ, ಉಳಿದದ್ದು ಬೇಡ. ಆ ಚೂರು ವ್ಯೂ ಆಗಿದ್ದರೆ ಪೂರ್ತಿ ಫೋಟೋ ಮೆಮೊರಿಯಲ್ಲೇ ಕೂತಿರುತ್ತದೆ. ಕಿಟಕಿ ಇರುವವರೆಗೆ ಮನೆ ಕೆಡವುವ ಹಾಗಿಲ್ಲ. ಇಂಥ ಸಾವಿರ ಚೂರುಗಳನ್ನು ಸಾವಿರ ಫೋಟೋಗಳಿಂದ ಇಟ್ಟುಕೊಂಡರೆ ಕಂಪ್ಯೂಟರ್ ಉಸಿರು ಕಟ್ಟುತ್ತದೆ. ಅಲ್ಲಿ ನಕಲು ಮಾಡುವುದೇ ಉಳಿತಾಯ.

ಗೋ ಭಾಷೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಅರೇಯನ್ನು ಈಕ್ವಲ್‌ನಿಂದ ಕೊಟ್ಟರೆ ಪೂರ್ತಿ ನಕಲಾಗುತ್ತದೆ. ಆದರೆ ದಿನನಿತ್ಯ ಬಳಸುವುದು ಸ್ಲೈಸ್ (ಒಂದು ಅರೇಯ ಭಾಗವನ್ನು ತೋರಿಸುವ ಕಿಟಕಿ, ಜಾವಾಸ್ಕ್ರಿಪ್ಟ್‌ನ ಸ್ಲೈಸ್ ಅಲ್ಲ), ಅದು ಹಂಚಿಕೊಳ್ಳುತ್ತದೆ. ಅಪೆಂಡ್ ಮಾಡಿ ಕೊನೆಗೆ ಸೇರಿಸಿದಾಗ ಹಿಂದಿನ ಅರೇಯಲ್ಲಿ ಜಾಗ ಉಳಿದಿದ್ದರೆ ಅಲ್ಲೇ ಬರೆಯುತ್ತದೆ, ಇಲ್ಲದಿದ್ದರೆ ಹೊಸ ಅರೇಗೆ ಹೋಗುತ್ತದೆ. ಹಾಗಾಗಿ ಒಂದೇ ಕೋಡ್ ಒಮ್ಮೆ ಹಂಚಿಕೊಳ್ಳುತ್ತದೆ, ಒಮ್ಮೆ ಇಲ್ಲ. 2023ರಲ್ಲಿ ಬಂದ ಗೋ 1.21 ಆವೃತ್ತಿಯಿಂದ ಸ್ಲೈಸಸ್.ಕ್ಲೋನ್ ಇದೆ, ಅದನ್ನು ಬಳಸಿ.

ಸ್ವಿಫ್ಟ್‌ನ ಕಥೆ ಮಾತ್ರ ಹೇಳಲೇಬೇಕು. 2014ರ ಜೂನ್‌ನಲ್ಲಿ ಆಪಲ್ ಆ ಭಾಷೆಯನ್ನು ತೋರಿಸಿದಾಗ ಅದರ ಅರೇ ವಿಚಿತ್ರವಾಗಿ ನಡೆದುಕೊಳ್ಳುತ್ತಿತ್ತು. ಉದ್ದ ಬದಲಾದರೆ ನಕಲಾಗುವುದು, ಒಳಗಿನ ಬೆಲೆ ಬದಲಾದರೆ ಹಂಚಿಕೊಳ್ಳುವುದು. ಬಳಸಿದವರು ಆಕ್ಷೇಪ ಎತ್ತಿದರು. ಜುಲೈನಲ್ಲಿ ಬಂದ ಮೂರನೇ ಬೀಟಾದಲ್ಲಿ (ಪರೀಕ್ಷಾ ಆವೃತ್ತಿಯಲ್ಲಿ) ಅದನ್ನು ಬದಲಿಸಿದರು. ಈಗ ಸ್ವಿಫ್ಟ್‌ನಲ್ಲಿ ಬಿ = ಎ ಅಂದರೆ ಎರಡೂ ಸ್ವತಂತ್ರ. ಹಾಗಂತ ಆ ಕ್ಷಣವೇ ನಕಲು ಮಾಡುವುದಿಲ್ಲ. ಎರಡಕ್ಕೂ ಒಂದೇ ಮೆಮೊರಿ ಇಟ್ಟಿರುತ್ತದೆ. ಯಾರಾದರೂ ಒಬ್ಬರು ಬರೆಯಲು ಹೋದಾಗ ಮಾತ್ರ ಬೇರೆ ಮಾಡುತ್ತದೆ. ಪಿಎಚ್‌ಪಿಯ ಅರೇ ಕೂಡ ಹೀಗೆಯೇ. ಲಿನಕ್ಸ್‌ನಲ್ಲಿ ಫೋರ್ಕ್ ಮಾಡಿದಾಗ, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು (ಪ್ರೋಸೆಸ್) ಎರಡಾಗಿ ಕವಲೊಡೆಸಿದಾಗ, ಒಂದು ಪ್ರೋಸೆಸ್‌ನ ಮೆಮೊರಿ ಇನ್ನೊಂದಕ್ಕೆ ಹೋಗುವುದೂ ಇದೇ ಉಪಾಯದಿಂದ. ಬರೆಯುವವರೆಗೆ ಹಂಚಿಕೋ, ಬರೆಯುವಾಗ ಬೇರೆಯಾಗು. ಇಷ್ಟು ಚೆಂದದ ಉಪಾಯ ಕಂಪ್ಯೂಟರ್ ಲೋಕದಲ್ಲಿ ಕಡಿಮೆ ಅಂತ ನನ್ನ ಭಾವನೆ.

ಅತಿ ನಕಲಿನ ಬಗ್ಗೆಯೂ ಎಚ್ಚರ ಇರಲಿ. ರಿಯಾಕ್ಟ್ (ವೆಬ್ ಪುಟಗಳ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಲಿಯುವವರಿಗೆ ಮೊದಲ ದಿನವೇ ಹೇಳುತ್ತಾರೆ: ಅರೇಗೆ ಪುಶ್ ಮಾಡಬೇಡಿ (ಅದರ ಕೊನೆಗೇ ಸೇರಿಸಬೇಡಿ), ಹೊಸ ಅರೇ ಕೊಡಿ. ಸರಿಯಾದ ಮಾತು. ರಿಯಾಕ್ಟ್ ಹಳೇ ಅರೇ, ಹೊಸ ಅರೇ ಒಂದೇನಾ ಅಂತ ಮಾತ್ರ ನೋಡುತ್ತದೆ, ಒಳಗೆ ಇಣುಕುವುದಿಲ್ಲ. ಆದರೆ ಆ ಅಭ್ಯಾಸವನ್ನು ಲೂಪಿನೊಳಗೂ ತರುತ್ತಾರೆ. 10,000 ಸಲ ಸುತ್ತುವ ಲೂಪ್‌ನಲ್ಲಿ ಪ್ರತಿ ಸಲವೂ [...ಹಳೆಯದು, ಹೊಸದು] ಅಂತ ಬರೆದರೆ ಒಟ್ಟು ಸುಮಾರು 5 ಕೋಟಿ ಅಂಶಗಳ ನಕಲು ನಡೆಯುತ್ತದೆ. ನೀವೇ ಆಗತಾನೆ ಹುಟ್ಟಿಸಿದ, ಇನ್ನೂ ಯಾರ ಕೈಗೂ ಕೊಡದ ಅರೇಗೆ ಧಾರಾಳವಾಗಿ ಪುಶ್ ಮಾಡಿ. ಬೇರೆಯವರ ಹತ್ತಿರ ಅದರ ಬೀಗದ ಕೈ ಇಲ್ಲವಲ್ಲ.

ಸಾರ್ಟ್‌ಗೆ ಈಗ ಒಳ್ಳೆಯ ದಾರಿ ಬಂದಿದೆ. ಪೈಥಾನ್‌ನಲ್ಲಿ ಬಹಳ ವರ್ಷಗಳಿಂದ ಈ ವಿಷಯ ಚೊಕ್ಕ: ಲಿಸ್ಟ್‌ನ ಸಾರ್ಟ್ ಮೂಲವನ್ನೇ ಬದಲಿಸಿ ನನ್ (ಏನೂ ಇಲ್ಲ ಅನ್ನುವ ಬೆಲೆ) ಕೊಡುತ್ತದೆ, ಸಾರ್ಟೆಡ್ ಹೊಸ ಲಿಸ್ಟ್ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನ ಸಾರ್ಟ್ ಮೂಲವನ್ನೂ ಬದಲಿಸುತ್ತದೆ, ಅದೇ ಅರೇಯನ್ನು ವಾಪಸ್ಸೂ ಕೊಡುತ್ತದೆ. ಹಾಗಾಗಿ ಹೊಸದು ಸಿಕ್ಕಿತು ಅಂತ ಮೋಸ ಹೋಗುತ್ತೇವೆ. 2023ರ ಆವೃತ್ತಿಯಲ್ಲಿ ಟುಸಾರ್ಟೆಡ್, ಟುರಿವರ್ಸ್ಡ್ ಸೇರಿದವು. ಇವು ಮೂಲವನ್ನು ಮುಟ್ಟುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಇಷ್ಟು ಭಾಷೆಗಳ ಇಷ್ಟು ನಿಯಮ ನೆನಪಿಡುವುದು ಹೇಗೆ? ನೆನಪಿಡಬೇಡಿ. ಮೂರು ಸಾಲಿನ ಪರೀಕ್ಷೆ ಬರೆಯಿರಿ. ನಕಲು ಮಾಡಿ. ನಕಲಿನ ಅತಿ ಒಳಗಿನ ಒಂದು ಬೆಲೆಯನ್ನು ಬದಲಿಸಿ. ಮೂಲವನ್ನು ಪ್ರಿಂಟ್ ಮಾಡಿ ನೋಡಿ. ಹೊರಪದರದಲ್ಲಿ ಬದಲಿಸಿ ನೋಡಿದರೆ ಸಾಲದು, ಶ್ಯಾಲೋ ಕಾಪಿ ಅಲ್ಲಿ ಪಾಸಾಗಿಬಿಡುತ್ತದೆ. ಅತಿ ಒಳಗೆ ಹೋಗಿ.

ಆ ಡೇರಿಯಲ್ಲಿ ಆಮೇಲೆ ಏನಾಯಿತು ಅಂತಲೂ ಕೇಳಿದಿರಿ. ಕಂಪ್ಯೂಟರಿನಲ್ಲಿ ಸರಿಯಾದ ಕ್ರಮ ಎಲ್ಲೂ ಉಳಿದಿರಲಿಲ್ಲ. ಸಾರ್ಟ್ ಆದ ಅರೇಯನ್ನೇ ಫೈಲಿಗೂ ಬರೆದಿತ್ತು. ಆದರೆ ಕಾರ್ಯದರ್ಶಿಗಳು ಹಳೇ ಅಭ್ಯಾಸದಂತೆ ಹಾಲು ಅಳೆಯುವಾಗಲೇ ಉದ್ದನೆಯ ಪುಸ್ತಕದಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರು. ಹೆಸರು, ಲೀಟರ್, ಫ್ಯಾಟ್. ನಾನು ಅವರ ಪಕ್ಕ ಕೂತೆ. ಅವರು ಪುಸ್ತಕದಿಂದ ಒಂದೊಂದೇ ಸಾಲು ಓದಿದರು, ನಾನು ಒಂದೊಂದೇ ಚೀಟಿ ತಿದ್ದಿದೆ. ಅಜ್ಜಿಯ 3 ಲೀಟರಿನಿಂದ ಶುರು ಮಾಡಿದೆವು.